ಕರಾರಿನಲ್ಲಿ ‘ಹ್ಯಾಂಬರ್ಗ್’ ಎಂದಿದ್ದರೆ ನಮ್ಮ ನ್ಯಾಯಾಲಯಕ್ಕೆ ಉಳಿಯುವ ಕೆಲಸವೇನು?

ಪಾಲಿಬೆಟ್ಟದ ಬೆಳೆಗಾರ

ಮಾನ್ಯರೇ,

ನಾವು ನಾಲ್ಕು ಮನೆಯವರು ಸೇರಿ ಮೂರು ವರ್ಷಗಳ ಹಿಂದೆ ಒಂದು ಕಂಟೇನರ್ ರೋಬಸ್ಟಾ ಚೆರ್ರಿ ಎಬಿ ದರ್ಜೆಯ ಕಾಫಿಯನ್ನು ಇಲ್ಲಿನ ರಫ್ತುದಾರರಿಗೆ ಕೊಡದೆ, ಬ್ರೋಕರ್ ಒಬ್ಬರ ಮೂಲಕ ಯುರೋಪಿನ ಖರೀದಿದಾರರಿಗೆ ನೇರವಾಗಿ ಕಳುಹಿಸಿದೆವು. 60 ಕಿಲೋ ತೂಕದ 320 ಚೀಲಗಳು, ಒಟ್ಟು 19 ಟನ್ನಿಗೆ ಸ್ವಲ್ಪ ಹೆಚ್ಚು. ಕ್ಯೂರಿಂಗ್ ಮುಗಿದ ಮೇಲೆ ಚೀಲ ಹೊಲಿಯುವ ಮುನ್ನ ಮೂರು ಸಲ ತೇವಾಂಶ ನೋಡಿದ್ದೆವು. ಮಾಪಕದ ಮುಳ್ಳು ಮೂರು ಸಲವೂ ಶೇಕಡಾ 11ರ ಗೆರೆಯನ್ನು ದಾಟಿರಲಿಲ್ಲ. ಸರಕು ಮಂಗಳೂರಿನಿಂದ ಹೊರಟದ್ದು ಜೂನ್ ಮಳೆಯಲ್ಲಿ. ಅಲ್ಲಿ ತಲುಪಿದ ಮೇಲೆ ಮೇಲಿನ ಸಾಲಿನ ಚೀಲಗಳಿಗೆ ಬೂಷ್ಟು ಹಿಡಿದಿದೆ ಎಂದು ಹೇಳಿ ಖರೀದಿದಾರರು ಬೆಲೆಯ ಐದನೇ ಒಂದು ಭಾಗವನ್ನು ತಡೆಹಿಡಿದರು. ಕಂಟೇನರ್ ಒಳಗೆ ಬೆವರಿ ನೀರು ತೊಟ್ಟಿಕ್ಕಿತೋ, ನಮ್ಮ ಕಾಫಿಯೇ ಸರಿಯಿರಲಿಲ್ಲವೋ ಎಂಬುದನ್ನು ತೀರ್ಮಾನಿಸಲು ಯಾರೂ ಕೂರಲೇ ಇಲ್ಲ.

ವಿರಾಜಪೇಟೆಯಲ್ಲಿ ದಾವೆ ಹೂಡೋಣವೆಂದು ಪರಿಚಯದ ವಕೀಲರಲ್ಲಿಗೆ ಕಾಗದಪತ್ರ ಒಯ್ದೆವು. ಅವರು ಕರಾರನ್ನು ತಿರುಗಿಸಿ ನೋಡಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. ಉಳಿದ ಷರತ್ತುಗಳೆಲ್ಲ ಯುರೋಪಿನ ಕಾಫಿ ವ್ಯಾಪಾರದ ಮಾದರಿ ಕರಾರಿನಂತೆ, ಮಧ್ಯಸ್ಥಿಕೆ, ಹ್ಯಾಂಬರ್ಗ್. ಇಷ್ಟೇ ಬರೆದಿತ್ತು. ಅಂದರೆ ಜಗಳ ಬಂದರೆ ಅದನ್ನು ನ್ಯಾಯಾಲಯದ ಬದಲು ಜರ್ಮನಿಯ ಹ್ಯಾಂಬರ್ಗಿನಲ್ಲಿ ಮಧ್ಯಸ್ಥಿಕೆದಾರರು ತೀರ್ಮಾನಿಸಬೇಕು. ಇಲ್ಲಿ ದಾವೆ ಹೂಡಿದರೂ ಎದುರಿನವರು ಬಂದು ಆ ಸಾಲನ್ನು ತೋರಿಸಿದ ಕೂಡಲೇ, 1996ರ ಮಧ್ಯಸ್ಥಿಕೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ನಮ್ಮನ್ನು ಹ್ಯಾಂಬರ್ಗಿಗೇ ಕಳುಹಿಸಬೇಕಾಗುತ್ತದೆ ಎಂದರು. ಅಲ್ಲಿಗೆ ಹೋಗಿ ವಾದಿಸುವ ಖರ್ಚು ತಡೆಹಿಡಿದ ಹಣವನ್ನೇ ಮೀರುತ್ತಿತ್ತು. ಆ ಹಣವನ್ನು ಅಲ್ಲಿಗೇ ಬಿಟ್ಟೆವು.

ನನ್ನ ತಂದೆಯವರ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 1942ರ ಕಾಯ್ದೆಯಡಿ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡುವ ದಾಸ್ತಾನಿಗೆ, ಒಪ್ಪಿಸಬೇಕಿತ್ತು, ಹೊರದೇಶದ ಜೊತೆಗಿನ ವ್ಯವಹಾರ ಮಂಡಳಿಯ ಹರಾಜಿನ ಆಚೆಗೆ ನಡೆಯುತ್ತಿತ್ತು, ಬೆಳೆಗಾರನ ಕೈಗೆ ಕಂತು ಕಂತಾಗಿ ಹಣ ಬರುತ್ತಿತ್ತು. 1992ರಿಂದ ಆ ವ್ಯವಸ್ಥೆ ಹಂತ ಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಮಧ್ಯಸ್ಥಿಕೆಯ ಹೊಸ ಕಾಯ್ದೆ ಬಂದದ್ದೂ ಅದೇ ವರ್ಷ. ಕಾಫಿ ಮಾರುವ ಸ್ವಾತಂತ್ರ್ಯ ಬಂದ ವರ್ಷವೇ ಜಗಳ ಬಿಡಿಸುವ ಜಾಗವೂ ನಮ್ಮೂರಿನಿಂದ ದೂರ ಸರಿಯಿತು ಎನ್ನುವುದು ಆಗ ಯಾರಿಗೂ ಹೊಳೆದಿರಲಾರದು.

ಈ ವೇದಿಕೆಯಲ್ಲಿ ಕಾನೂನು ಬಲ್ಲವರಿದ್ದಾರೆ. ಹೊರದೇಶದ ವ್ಯಾಪಾರ, ಹೂಡಿಕೆಯ ವ್ಯಾಜ್ಯಗಳಲ್ಲಿ ನಮ್ಮ ನ್ಯಾಯಾಲಯಗಳು ಹಿಂದೆ ಏನು ಮಾಡುತ್ತಿದ್ದವು, ಈಗ ಏನು ಮಾಡಬಲ್ಲವು? ದಯವಿಟ್ಟು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಮಡಿಕೇರಿಯ ವಕೀಲೆ

ಪಾಲಿಬೆಟ್ಟದವರೇ, ನಿಮಗೆ ಸಿಕ್ಕಿದ ಸಲಹೆ ಸರಿಯಾದದ್ದೇ. ಆದರೆ ನ್ಯಾಯಾಲಯದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮಧ್ಯಸ್ಥಿಕೆದಾರರು ಕೊಡುವ ತೀರ್ಮಾನಕ್ಕೆ ಕಾನೂನಿನ ಕನ್ನಡದಲ್ಲಿ ಐತೀರ್ಪು ಎನ್ನುತ್ತಾರೆ. ಐತೀರ್ಪು ಕೊಟ್ಟವರ ಬಳಿ ಅಮೀನರಿಲ್ಲ, ಜಪ್ತಿ ಮಾಡುವ ಅಧಿಕಾರವಿಲ್ಲ. ಸೋತವರು ತಾವಾಗಿ ಹಣ ಕೊಡದಿದ್ದರೆ ಗೆದ್ದವರು ಯಾವುದಾದರೂ ದೇಶದ ನ್ಯಾಯಾಲಯದ ಬಾಗಿಲಿಗೆ ಅಮಲ್ಜಾರಿಗಾಗಿ, ಅಂದರೆ ಆ ತೀರ್ಮಾನವನ್ನು ಜಾರಿ ಮಾಡಿಸಲು, ಬರಲೇಬೇಕು. ಭಾರತ 1960ರಲ್ಲಿ ಅನುಮೋದಿಸಿದ 1958ರ ನ್ಯೂಯಾರ್ಕ್ ಒಡಂಬಡಿಕೆ ಇರುವುದೇ ಇದಕ್ಕಾಗಿ: ಒಂದು ದೇಶದಲ್ಲಿ ಬಂದ ಐತೀರ್ಪನ್ನು ಇನ್ನೊಂದು ದೇಶದ ನ್ಯಾಯಾಲಯ, ಒಳಗಿನ ನ್ಯಾಯಾನ್ಯಾಯವನ್ನು ಮತ್ತೆ ಕೆದಕದೆ, ಕೆಲವೇ ಕಾರಣಗಳಿಗೆ ಮಾತ್ರ ತಿರಸ್ಕರಿಸಬಹುದು. ಜಗಳವನ್ನು ತಾನೇ ಆಲಿಸುವ ಸ್ಥಾನದಿಂದ ನ್ಯಾಯಾಲಯ, ಬೇರೆಯವರ ತೀರ್ಮಾನಕ್ಕೆ ಬಲ ಕೊಡುವ ಇಲ್ಲವೇ ತಡೆಯುವ ಸ್ಥಾನಕ್ಕೆ ಬಂದಿದೆ.

ನಮ್ಮ ನ್ಯಾಯಾಲಯಗಳು ಈ ಸ್ಥಾನವನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. 2002ರ ಭಾಟಿಯಾ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಧ್ಯಸ್ಥಿಕೆ ಹೊರದೇಶದಲ್ಲಿ ನಡೆದರೂ ಕಕ್ಷಿದಾರರು ಬೇಡವೆಂದು ಒಪ್ಪಿಕೊಂಡಿರದಿದ್ದರೆ ತಡೆಯಾಜ್ಞೆ, ರದ್ದತಿಯ ಅಧಿಕಾರಗಳಿರುವ ನಮ್ಮ ಕಾಯ್ದೆಯ ಮೊದಲ ಭಾಗ ಅನ್ವಯಿಸುತ್ತದೆ ಎಂದಿತು. ಅದರ ಉದ್ದೇಶ ಒಳ್ಳೆಯದಿತ್ತು. ಇಲ್ಲಿರುವ ಆಸ್ತಿಯನ್ನು ಎದುರಿನವರು ರಾತ್ರೋರಾತ್ರಿ ಸಾಗಿಸಿಬಿಡದಂತೆ ತಡೆಯಾಜ್ಞೆ ಕೊಡಲು ದಾರಿಯಾಯಿತು. ಆದರೆ ಅದೇ ದಾರಿಯಲ್ಲಿ, 2008ರ ವೆಂಚರ್ ಗ್ಲೋಬಲ್ ತೀರ್ಪಿನ ಹೊತ್ತಿಗೆ, ಲಂಡನ್ನಿನ ಐತೀರ್ಪನ್ನು ಇಲ್ಲಿನ ನ್ಯಾಯಾಲಯ ರದ್ದುಮಾಡಬಹುದೆಂಬಲ್ಲಿಗೆ ವಿಷಯ ಹೋಯಿತು. 2012ರ ಸೆಪ್ಟೆಂಬರ್ 6ರಂದು ಬಾಲ್ಕೊ ಪ್ರಕರಣದಲ್ಲಿ ಸಂವಿಧಾನ ಪೀಠ ಇದಕ್ಕೆ ತೆರೆ ಎಳೆಯಿತು. ಮಧ್ಯಸ್ಥಿಕೆಯ ಸ್ಥಾನ, ನಾವು ‘ಸೀಟ್’ ಎನ್ನುವುದು, ಯಾವ ದೇಶದಲ್ಲಿದೆಯೋ ರದ್ದತಿಯ ಅಧಿಕಾರ ಆ ದೇಶದ ನ್ಯಾಯಾಲಯಕ್ಕೆ ಮಾತ್ರ. ಇದರಿಂದ ತಡೆಯಾಜ್ಞೆಯ ದಾರಿಯೂ ಮುಚ್ಚಿಹೋಗಿದ್ದರಿಂದ 2015ರ ತಿದ್ದುಪಡಿಯಲ್ಲಿ 9ನೇ ಸೆಕ್ಷನ್ನಿನ ಮಧ್ಯಂತರ ಪರಿಹಾರವನ್ನು ಹೊರದೇಶದ ಮಧ್ಯಸ್ಥಿಕೆಗೂ ಮತ್ತೆ ಕೊಡಲಾಯಿತು. ನಿಮ್ಮ ಖರೀದಿದಾರರ ಹಣವೋ ಸರಕೋ ಭಾರತದಲ್ಲಿ ಇದ್ದಿದ್ದರೆ, ಹ್ಯಾಂಬರ್ಗಿನಲ್ಲಿ ಪ್ರಕರಣ ನಡೆಯುವವರೆಗೆ ಅದನ್ನು ಕದಲಿಸದಂತೆ ಬೆಂಗಳೂರಿನ ಹೈಕೋರ್ಟಿನಲ್ಲಿ ಕೇಳಬಹುದಿತ್ತು. ಅಂತಾರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆಯಾದರೆ ಜಿಲ್ಲಾ ನ್ಯಾಯಾಲಯವಲ್ಲ, ಹೈಕೋರ್ಟೇ. ಇಲ್ಲಿ ಅವರದೇನೂ ಇರಲಿಲ್ಲವಾದ್ದರಿಂದ ನಿಮಗೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಿಮ್ಮ ಪ್ರಕರಣಕ್ಕೆ ತೀರ ಹತ್ತಿರವಾದದ್ದು ಶ್ರೀ ಲಾಲ್ ಮಹಲ್ ತೀರ್ಪು. 1994ರಲ್ಲಿ ಭಾರತದ ಮಾರಾಟಗಾರರು ಇಟಲಿಯ ಕಂಪನಿಗೆ ಗಟ್ಟಿ ಜಾತಿಯ ಡ್ಯೂರಮ್ ಗೋಧಿ ಕಳುಹಿಸಲು ಒಪ್ಪಿದ್ದರು. ಬಂದದ್ದು ಮೆತ್ತನೆಯ ಸಾಮಾನ್ಯ ಗೋಧಿ ಎಂಬುದು ಖರೀದಿದಾರರ ದೂರು. ಹಡಗು ಹತ್ತುವ ಮುನ್ನ ಕೊಟ್ಟ ಗುಣಮಟ್ಟದ ಪ್ರಮಾಣಪತ್ರವೇ ಅಂತಿಮವೆಂಬುದು ಮಾರಾಟಗಾರರ ವಾದ. ಲಂಡನ್ನಿನ ಧಾನ್ಯ ವ್ಯಾಪಾರ ಸಂಘದ ಮಧ್ಯಸ್ಥಿಕೆಯಲ್ಲಿ ಖರೀದಿದಾರರು ಗೆದ್ದರು. ಅಮಲ್ಜಾರಿ ಇಲ್ಲಿಗೆ ಬಂದಾಗ, ಪ್ರಮಾಣಪತ್ರವನ್ನು ಬದಿಗಿಟ್ಟದ್ದು ತಪ್ಪೋ ಸರಿಯೋ ಎಂದು ತಾನು ನೋಡುವುದಿಲ್ಲ, ಹೊರದೇಶದ ಐತೀರ್ಪಿನ ವಿಷಯದಲ್ಲಿ ತಿರಸ್ಕರಿಸುವ ಕಾರಣಗಳಲ್ಲೊಂದಾದ ‘ಸಾರ್ವಜನಿಕ ನೀತಿ’ ಎಂಬ ಮಾತಿಗೆ ಸಂಕುಚಿತ ಅರ್ಥವಷ್ಟೇ ಉಂಟು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಗೋಧಿ ಹೋದದ್ದು 1994ರ ಕರಾರಿನಲ್ಲಿ, ಕೊನೆಯ ಮಾತು ಬಂದದ್ದು 2013ರಲ್ಲಿ.

ಸಿದ್ದಾಪುರದಿಂದ ಒಬ್ಬರು

ಹಾಗಾದರೆ ಮಧ್ಯಸ್ಥಿಕೆದಾರರು ತಪ್ಪು ಮಾಡಿದರೂ ನಮ್ಮ ನ್ಯಾಯಾಲಯ ಸುಮ್ಮನಿರಬೇಕೇ? ನಮ್ಮ ಕಾಫಿಯ ಗುಣವನ್ನು ಕುಶಾಲನಗರದಲ್ಲಿ ನೋಡಿ ತಿಳಿದವರ ಮಾತಿಗಿಂತ ಎಲ್ಲೋ ಕುಳಿತವರ ಮಾತು ಹೆಚ್ಚಾಗುವುದನ್ನು ನಾನು ಒಪ್ಪಲಾರೆ. ಸರ್ಕಾರವೇ ರಫ್ತು ನಿಲ್ಲಿಸಿದರೆ ಏನು ಗತಿ? 2022ರ ಮೇ ತಿಂಗಳಲ್ಲಿ ಗೋಧಿಗೆ, 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಗೆ ನಿಷೇಧ ಬಂತು. ಕರಾರು ಮಾಡಿಕೊಂಡವರು ಕಾನೂನು ಪಾಲಿಸಿದ್ದಕ್ಕೆ ಹೊರದೇಶದಲ್ಲಿ ದಂಡ ಕೊಡಬೇಕೇ?

ಮಡಿಕೇರಿಯ ವಕೀಲೆ

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕೃಷಿ ಮಾರಾಟದ ರಾಷ್ಟ್ರೀಯ ಸಹಕಾರಿ ಸಂಸ್ಥೆಯಾದ ನಾಫೆಡ್ ಪ್ರಕರಣದಲ್ಲಿದೆ, ಆದರೆ ಆ ಉತ್ತರ ನನಗೆ ನೆಮ್ಮದಿ ಕೊಟ್ಟಿಲ್ಲ. 1980ರಲ್ಲಿ ನಾಫೆಡ್ ಸ್ವಿಟ್ಜರ್ಲೆಂಡಿನ ಅಲಿಮೆಂಟಾ ಕಂಪನಿಗೆ 5,000 ಟನ್ ಶೇಂಗಾ ಕಳುಹಿಸಲು ಒಪ್ಪಿ 1,900 ಟನ್ ಮಾತ್ರ ಕಳುಹಿಸಿತ್ತು. ಸೌರಾಷ್ಟ್ರದ ಕಡೆ ಚಂಡಮಾರುತ ಬಂದು ಬೆಳೆ ಹಾಳಾಗಿತ್ತು. ಉಳಿದದ್ದನ್ನು ಮುಂದಿನ ಹಂಗಾಮಿನಲ್ಲಿ ಕಳುಹಿಸಲು ಹೊರಟಾಗ ಕೇಂದ್ರ ಸರ್ಕಾರ ಅನುಮತಿ ಕೊಡಲಿಲ್ಲ. ಲಂಡನ್ನಿನಲ್ಲಿ ನಾಫೆಡ್ ವಿರುದ್ಧ ಐತೀರ್ಪು ಬಂತು. 2020ರ ಏಪ್ರಿಲ್‌ನಲ್ಲಿ, ನಲವತ್ತು ವರ್ಷಗಳ ಮೇಲೆ, ಸರ್ಕಾರದ ಅನುಮತಿಯಿಲ್ಲದೆ ರಫ್ತು ಮಾಡುವುದು ನಮ್ಮ ಕಾನೂನಿಗೆ ವಿರುದ್ಧವಾದ್ದರಿಂದ ಈ ಐತೀರ್ಪು ಭಾರತದ ಸಾರ್ವಜನಿಕ ನೀತಿಗೆ ಒಗ್ಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅಮಲ್ಜಾರಿ ನಿರಾಕರಿಸಿತು.

ಮಾರಾಟಗಾರರ ಕಣ್ಣಿನಿಂದ ನೋಡಿದರೆ ಅದು ನ್ಯಾಯವೆನಿಸುತ್ತದೆ. ಆದರೆ ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ವಿಜಯ್ ಕಾರಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ, ಹೊರದೇಶದ ಐತೀರ್ಪನ್ನು ತಿರಸ್ಕರಿಸುವ ಕಾರಣಗಳು ತೀರ ಕಡಿಮೆ ಎಂದು ಒತ್ತಿ ಹೇಳಿ, ಸುಮ್ಮನೆ ಮೇಲ್ಮನವಿ ತಂದವರಿಗೆ 50 ಲಕ್ಷ ರೂಪಾಯಿ ಖರ್ಚು ಹಾಕಿತ್ತು. ಯಾವ ಪೀಠದ ಮುಂದೆ ಪ್ರಕರಣ ಬರುತ್ತದೆ ಎಂಬುದರ ಮೇಲೆ ಫಲ ಬದಲಾಗುವಂತಿದ್ದರೆ ನಮ್ಮ ಕಡೆಯ ರಫ್ತುದಾರರಿಗೂ ಒಳಿತಿಲ್ಲ. ಆ ಅನುಮಾನದ ಬೆಲೆಯನ್ನು ಖರೀದಿದಾರರು ಮುಂದಿನ ಕರಾರಿನ ದರದಲ್ಲೇ ಕಡಿದುಕೊಳ್ಳುತ್ತಾರೆ.

ಮೊದಲ ಪ್ರಶ್ನೆಗೆ: ಹೌದು, ಸುಮ್ಮನಿರಬೇಕು. ನಾಳೆ ನೀವು ಹ್ಯಾಂಬರ್ಗಿನಲ್ಲಿ ಗೆದ್ದು ಇಟಲಿಯಲ್ಲೋ ಬೆಲ್ಜಿಯಂನಲ್ಲೋ ಅಮಲ್ಜಾರಿ ಕೇಳಿದಾಗ, ಅಲ್ಲಿನ ನ್ಯಾಯಾಧೀಶರೂ ನಿಮ್ಮ ಕಾಫಿಯನ್ನು ಮತ್ತೆ ಮೂಸಿ ನೋಡಬಾರದು.

ಬೆಂಗಳೂರಿನಲ್ಲಿರುವ ನಾಪೋಕ್ಲಿನವರು

ವಕೀಲೆ ಅಕ್ಕ ಹೇಳಿದ ಪ್ರಕರಣಗಳು ನಲವತ್ತು ವರ್ಷ, ಹತ್ತೊಂಬತ್ತು ವರ್ಷ ಎಳೆದದ್ದನ್ನು ಓದಿ ಇದನ್ನು ಸೇರಿಸಬೇಕೆನಿಸಿತು. ಈ ವಿಳಂಬವೇ ಒಂದು ದೇಶದ ತಪ್ಪಾಗಿ ಎಣಿಕೆಯಾದ ಪ್ರಕರಣವಿದೆ.

ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾದ ಕಂಪನಿ 1989ರಲ್ಲಿ ಕೋಲ್ ಇಂಡಿಯಾ ಜೊತೆ ಪಿಪರ್‌ವಾರ್ ಕಲ್ಲಿದ್ದಲು ಗಣಿಯ ಕರಾರು ಮಾಡಿಕೊಂಡಿತ್ತು. ಜಗಳ ಬಂದು, 2002ರಲ್ಲಿ ಐತೀರ್ಪು ಕಂಪನಿಯ ಕಡೆಗಾಯಿತು. ಅದನ್ನು ರದ್ದುಮಾಡಿಸಲು ಕೋಲ್ ಇಂಡಿಯಾ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಅಮಲ್ಜಾರಿಗಾಗಿ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಎಂಟು ವರ್ಷ ಕಳೆದರೂ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆಗ ಕಂಪನಿ ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಹೂಡಿಕೆ ಒಪ್ಪಂದದಡಿ ಭಾರತ ಸರ್ಕಾರದ ಮೇಲೆಯೇ ಮಧ್ಯಸ್ಥಿಕೆಗೆ ಹೋಯಿತು. ಆ ಒಪ್ಪಂದದಲ್ಲಿ ಅತ್ಯಂತ ಅನುಕೂಲದ ದೇಶಕ್ಕೆ ಕೊಡುವುದನ್ನೆಲ್ಲ ಇವರಿಗೂ ಕೊಡಬೇಕೆಂಬ ಮಾತಿತ್ತು. ಕುವೈತ್ ಜೊತೆಗಿನ ನಮ್ಮ ಒಪ್ಪಂದದಲ್ಲಿ ಹಕ್ಕು ಸಾಧಿಸಿಕೊಳ್ಳಲು ‘ಪರಿಣಾಮಕಾರಿ ದಾರಿ’ ಒದಗಿಸುತ್ತೇವೆಂಬ ಭರವಸೆ ಇತ್ತು. ಎರಡನ್ನೂ ಜೋಡಿಸಿ, 2011ರ ನವೆಂಬರ್‌ನಲ್ಲಿ ಮಧ್ಯಸ್ಥಿಕೆ ಮಂಡಳಿ ಭಾರತ ಒಪ್ಪಂದ ಮುರಿದಿದೆ ಎಂದಿತು. ನ್ಯಾಯವನ್ನು ನಿರಾಕರಿಸಿದ್ದಾರೆ ಎಂದು ಅದು ಹೇಳಲಿಲ್ಲ. ದಾರಿ ಪರಿಣಾಮಕಾರಿಯಾಗಿರಲಿಲ್ಲ ಎಂದಷ್ಟೇ ಹೇಳಿತು. ತಾರೀಖಿನ ಮೇಲೆ ತಾರೀಖು ಬೀಳುವುದು ನಮಗೆಲ್ಲ ಮಾಮೂಲು, ಆಸ್ತಿಯ ದಾವೆಗಳಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಕಂಡಿದ್ದೇವೆ. ಅದೇ ಸಂಗತಿಗೆ ಹೊರಗಿನ ಮಂಡಳಿಯೊಂದು ಬೆಲೆ ಕಟ್ಟಿ ವಸೂಲಿ ಮಾಡಿಸಿತು.

ಅದಾದ ಮೇಲೆ ಬಂದ ಬದಲಾವಣೆಗಳು ಸಣ್ಣವಲ್ಲ. ವೊಡಾಫೋನ್, ಕೇರ್ನ್ ಮುಂತಾದ ಹೊರದೇಶದ ಕಂಪನಿಗಳೂ ಒಪ್ಪಂದಗಳನ್ನು ಹಿಡಿದು ಹೊರಟ ಮೇಲೆ ಭಾರತ 2016ರಿಂದ ಹಳೆಯ ಹೂಡಿಕೆ ಒಪ್ಪಂದಗಳಲ್ಲಿ ಬಹುಪಾಲನ್ನು ಕೈಬಿಟ್ಟಿತು. ಹೊಸ ಮಾದರಿ ಒಪ್ಪಂದದ ಪ್ರಕಾರ ಹೂಡಿಕೆದಾರರು ಮೊದಲು ಐದು ವರ್ಷ ನಮ್ಮ ನ್ಯಾಯಾಲಯಗಳಲ್ಲೇ ಪ್ರಯತ್ನಿಸಬೇಕು. ಯುಎಇ ಜೊತೆಗೆ 2024ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಲಾಗಿದೆ. ಹೂಡಿಕೆಯ ವ್ಯಾಜ್ಯದಲ್ಲಿ ನ್ಯಾಯಾಲಯವನ್ನು ಮತ್ತೆ ಮುಂದಿನ ಸಾಲಿಗೆ ಕರೆತಂದದ್ದು ನಾವೇ. ಕರೆತಂದ ಮೇಲೆ ಅದಕ್ಕೆ ಬೇಕಾದ ನ್ಯಾಯಾಧೀಶರನ್ನು, ಸಿಬ್ಬಂದಿಯನ್ನು ಕೊಡದಿದ್ದರೆ ಮೂರು ವರ್ಷ ಎಂಬುದು ಕಾಯುವ ಅವಧಿಯಾಗಿಯೇ ಉಳಿಯುತ್ತದೆ ಎಂಬ ಆತಂಕ ನನ್ನದು.

ಹಳೆಯ ವ್ಯವಹಾರಕ್ಕೂ ಅನ್ವಯಿಸುವಂತೆ ಹಾಕಿದ ತೆರಿಗೆಯನ್ನು ಪ್ರಶ್ನಿಸಿದ್ದ ಕೇರ್ನ್ ವಿಷಯದಲ್ಲಿ ಇನ್ನೊಂದು ಮಾತು. 2020ರ ಡಿಸೆಂಬರ್‌ನಲ್ಲಿ ಕೇರ್ನ್ ಕಡೆಗೆ ಸುಮಾರು 120 ಕೋಟಿ ಡಾಲರಿನ ಐತೀರ್ಪು ಬಂತು. 2021ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿರುವ ಭಾರತ ಸರ್ಕಾರದ ಕಟ್ಟಡಗಳ ಮೇಲೆ ಫ್ರಾನ್ಸಿನ ನ್ಯಾಯಾಲಯದ ಜಪ್ತಿ ಆದೇಶ ಜಾರಿಯಾಯಿತು. ಮರುತಿಂಗಳೇ ಸಂಸತ್ತು ಆ ಪೂರ್ವಾನ್ವಯ ತೆರಿಗೆಯನ್ನು ಹಿಂದಕ್ಕೆ ಪಡೆಯುವ ಕಾಯ್ದೆ ಮಾಡಿತು.

ಸಿದ್ದಾಪುರದಿಂದ ಒಬ್ಬರು

ಆದರೆ ದೇವಾಸ್ ಪ್ರಕರಣದಲ್ಲಿ ನಮ್ಮ ನ್ಯಾಯಾಲಯಗಳು ಗಟ್ಟಿಯಾಗಿ ನಿಂತವಲ್ಲ? ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ವಿರುದ್ಧ ದೇವಾಸ್ ಕಂಪನಿಯ ಕಡೆಗೆ 56 ಕೋಟಿ ಡಾಲರಿಗೂ ಮೀರಿದ ಐತೀರ್ಪು ಬಂದಿತ್ತು. ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2021ರಲ್ಲಿ ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನೇ ಮುಚ್ಚಿಸಿತು, 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಅದೇ ವರ್ಷ ದೆಹಲಿ ಹೈಕೋರ್ಟ್ ಐತೀರ್ಪನ್ನೇ ರದ್ದುಮಾಡಿತು.

ಬೆಂಗಳೂರಿನಲ್ಲಿರುವ ನಾಪೋಕ್ಲಿನವರು

ನಿಂತವು, ಆದರೆ ವ್ಯಾಜ್ಯ ನಿಲ್ಲಲಿಲ್ಲ. ಇಲ್ಲಿ ರದ್ದಾದ ಐತೀರ್ಪನ್ನು ಹಿಡಿದುಕೊಂಡೇ ದೇವಾಸಿನ ಹೂಡಿಕೆದಾರರು ಅಮೆರಿಕದಲ್ಲಿ ಮುಂದುವರಿದರು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಂಟ್ರಿಕ್ಸಿಗೆ ಅಮೆರಿಕದೊಂದಿಗೆ ಸಾಕಷ್ಟು ನಂಟಿಲ್ಲವೆಂಬ ಕಾರಣಕ್ಕೆ ಪ್ರಕರಣವನ್ನು ಕೈಬಿಟ್ಟದ್ದು ಸರಿಯಲ್ಲವೆಂದು ಕೆಳಗಿನ ನ್ಯಾಯಾಲಯಕ್ಕೆ ಹಿಂತಿರುಗಿಸಿತು. ಒಂದು ದೇಶದ ಅತ್ಯುನ್ನತ ನ್ಯಾಯಾಲಯ ಮುಗಿಯಿತೆಂದದ್ದು ಇನ್ನೊಂದು ದೇಶದಲ್ಲಿ ಮುಗಿಯದೆ ಉಳಿಯಬಹುದು. ಸರ್ಕಾರಕ್ಕೇ ಹೀಗಾದರೆ ನಾಲ್ಕು ಮನೆಯವರ ಕಂಟೇನರಿನ ಗತಿಯೇನು ಎಂದು ಯೋಚಿಸುತ್ತಿದ್ದೇನೆ.

ಸುಂಟಿಕೊಪ್ಪದ ಮೆಣಸು ಬೆಳೆಗಾರ್ತಿ

ರಫ್ತಿನ ಮಾತೇ ಆಯಿತು. ಆಮದಿನಿಂದ ಪೆಟ್ಟು ತಿಂದವರ ಕಡೆಯಿಂದಲೂ ಬರೆಯಬೇಕು. ವಿಯೆಟ್ನಾಮಿನ ಕಾಳುಮೆಣಸು ಅಗ್ಗದ ದರದಲ್ಲಿ ಬಂದು ನಮ್ಮ ಬೆಲೆ ಕುಸಿದಾಗ ಜಿಲ್ಲೆಯ ಬೆಳೆಗಾರರು ದನಿ ಎತ್ತಿದ್ದು ನಿಮಗೆಲ್ಲ ನೆನಪಿರಬಹುದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಆ ವರ್ಷ ನಾವು ಬಳ್ಳಿಯಿಂದ ಕೊಯ್ದ ಮೆಣಸನ್ನು ಕಣದಲ್ಲಿ ಒಣಗಿಸಿ, ಮಾರದೆ, ಅಟ್ಟದ ಮೇಲೆ ಚೀಲಗಳಲ್ಲಿ ಇಟ್ಟು ಕಾದೆವು. ಇಂಥ ಅಧಿಸೂಚನೆಗಳನ್ನು ಆಮದುದಾರರು ಹೈಕೋರ್ಟುಗಳಲ್ಲಿ ಪ್ರಶ್ನಿಸುತ್ತಾರೆ, ಮಧ್ಯಂತರ ಆದೇಶ ಸಿಕ್ಕಿದರೆ ತೀರ್ಪು ಬರುವಷ್ಟರಲ್ಲಿ ಸರಕು ಒಳಗೆ ಬಂದುಬಿಟ್ಟಿರುತ್ತದೆ. ಬಟಾಣಿ ಮತ್ತು ಬೇಳೆಕಾಳುಗಳ ವಿಷಯದಲ್ಲಿ ಹೀಗೇ ಆಯಿತು. ರಾಜಸ್ಥಾನ ಹೈಕೋರ್ಟಿನ ಮಧ್ಯಂತರ ಆದೇಶ ಹಿಡಿದು ಮಿತಿಗಿಂತ ಹೆಚ್ಚು ತರಿಸಿದ್ದರು. 2020ರ ಆಗಸ್ಟ್‌ನಲ್ಲಿ ಅಗ್ರಿಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಅಧಿಸೂಚನೆಗಳನ್ನು ಎತ್ತಿಹಿಡಿದು, ದೇಶ ದೇಶಗಳ ನಡುವಿನ ವ್ಯಾಪಾರದ ಗ್ಯಾಟ್ ಒಪ್ಪಂದದ ಮಾತುಗಳು ದೇಶದ ಕಾನೂನಿನೊಳಗೆ ಬಾರದ ಹೊರತು ಅವುಗಳನ್ನೇ ನೇರವಾಗಿ ನ್ಯಾಯಾಲಯದಲ್ಲಿ ಚಲಾಯಿಸಲಾಗದು ಎಂದಿತು. ರೈತರ ಹಿತವನ್ನು ಆ ತೀರ್ಪು ಗಂಭೀರವಾಗಿ ತೆಗೆದುಕೊಂಡಿತು ಎನ್ನುವುದು ನನ್ನ ಭಾವನೆ.

ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ, ಏಕೆಂದರೆ ಅಮೆರಿಕ ಹೊಸ ಸದಸ್ಯರ ನೇಮಕಕ್ಕೆ ಒಪ್ಪಲಿಲ್ಲ. ಸಕ್ಕರೆಯ ಸಹಾಯಧನದ ಪ್ರಕರಣದಲ್ಲಿ ನಮ್ಮ ವಿರುದ್ಧ ವರದಿ ಬಂದಾಗ ಭಾರತವೂ ಕೇಳುವವರಿಲ್ಲದ ಆ ಮಂಡಳಿಗೇ ಮೇಲ್ಮನವಿ ಸಲ್ಲಿಸಿತು, ಪ್ರಕರಣ ಅಲ್ಲಿಯೇ ನಿಂತಿದೆ. ಇಂದು ಅದು ನಮಗೆ ಅನುಕೂಲ. ನಾಳೆ ಬೇರೆ ದೇಶದವರು ನಮ್ಮ ಕಾಫಿಗೋ ಮೆಣಸಿಗೋ ಅನ್ಯಾಯದ ತಡೆ ಹಾಕಿದರೆ ನಮ್ಮ ದೂರಿಗೂ ಅದೇ ಗತಿಯಾಗುತ್ತದೆ.

ಸೋಮವಾರಪೇಟೆಯ ನಿವೃತ್ತ ಬ್ಯಾಂಕ್ ಉದ್ಯೋಗಿ

ಜಿನೀವಾ ಬರಿದಾದಾಗ ಕೆಲಸ ದೇಶೀಯ ನ್ಯಾಯಾಲಯಗಳ ಮೇಲೆ ಬೀಳುತ್ತದೆ ಎಂಬುದಕ್ಕೆ ಅಮೆರಿಕದ ಸುಂಕದ ಪ್ರಕರಣವೇ ಉದಾಹರಣೆ. ತುರ್ತುಸ್ಥಿತಿಯ ಅಧಿಕಾರದ 1977ರ ಕಾಯ್ದೆಯಡಿ ಅಧ್ಯಕ್ಷರು ಹೇರಿದ ಸುಂಕಗಳನ್ನು ಪ್ರಶ್ನಿಸಿದವರಲ್ಲಿ ವೈನ್ ಆಮದು ಮಾಡುವ ಒಂದು ಸಣ್ಣ ಸಂಸ್ಥೆಯೂ ಇತ್ತು. ನ್ಯೂಯಾರ್ಕಿನ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ 2025ರ ಮೇ 28ರಂದು ಆ ಕಾಯ್ದೆಯಲ್ಲಿ ಅಂಥ ಅಧಿಕಾರವಿಲ್ಲ ಎಂದಿತು, ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದರ ತಿರುಳನ್ನು ಒಪ್ಪಿತು. ಆ ಸುಂಕ ನಮ್ಮ ಕಾಫಿಗೂ ತಟ್ಟಿತ್ತು. ನಾವು ಅಲ್ಲಿ ಕಕ್ಷಿದಾರರಾಗಿರಲಿಲ್ಲ, ಆದರೂ ನಮ್ಮ ಚೀಲದ ಬೆಲೆಯ ಬಗ್ಗೆ ವಾದ ನಡೆದದ್ದು ಆ ನ್ಯಾಯಾಲಯದಲ್ಲಿ.

ಮಡಿಕೇರಿಯ ವಕೀಲೆ

ಮತ್ತೆ ಪಾಲಿಬೆಟ್ಟದವರ ಕಾಗದಕ್ಕೆ ಬರುತ್ತೇನೆ, ಚರ್ಚೆ ಹುಟ್ಟಿದ್ದು ಅಲ್ಲಿಂದ. ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ ಸೀಟ್ ಯಾವ ಊರು, ಯಾವ ದೇಶದ ಕಾನೂನು, ಮಧ್ಯಸ್ಥಿಕೆದಾರರು ಎಷ್ಟು ಮಂದಿ, ಬರವಣಿಗೆಯಲ್ಲೇ ವಾದ ಮುಗಿಸಬಹುದೇ, ದೂರು ಕೊಡುವ ಗಡುವು ಎಷ್ಟು ದಿನ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಸರಕು ವ್ಯಾಪಾರದ ಸಂಘಗಳ ಮಧ್ಯಸ್ಥಿಕೆಯಲ್ಲಿ ಎಷ್ಟೋ ಸಲ ಕಾಗದ ಮತ್ತು ಮಾದರಿ ನೋಡಿಯೇ ತೀರ್ಮಾನಿಸುತ್ತಾರೆ, ಅಲ್ಲಿಗೆ ಹೋಗಿ ನಿಲ್ಲಲೇಬೇಕೆಂದಿಲ್ಲ. ಆದ್ದರಿಂದ ಆಗ ನೀವು ಖರ್ಚಿಗೆ ಹೆದರಿ ಬಿಟ್ಟುಬಿಟ್ಟದ್ದು ಬಹುಶಃ ಅವಸರವಾಯಿತು. ಹೀಗೆ ಹೇಳಲು ನನಗೆ ನೋವಾಗುತ್ತದೆ, ಆದರೆ ಇನ್ನೊಬ್ಬರು ಅದೇ ಕಾರಣಕ್ಕೆ ಬಿಡಬಾರದು. ನಿಮ್ಮಲ್ಲಿ ಆ ಲಾಟಿನ ಮಾದರಿ ಉಳಿದಿತ್ತೇ?

ಪಾಲಿಬೆಟ್ಟದ ಬೆಳೆಗಾರ

ಉಳಿದಿತ್ತು, ಮೇಡಂ. ಎರಡು ಕಿಲೋ, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಆದರೆ ಅದಕ್ಕೆ ಮೊಹರಿರಲಿಲ್ಲ, ತಾರೀಖಿರಲಿಲ್ಲ, ನಮ್ಮ ನಾಲ್ವರನ್ನು ಬಿಟ್ಟು ಬೇರೆ ಸಾಕ್ಷಿಯೂ ಇರಲಿಲ್ಲ. ಅದನ್ನು ಯಾರ ಮುಂದೆ ಇಟ್ಟಿದ್ದರೂ ನಮ್ಮ ಮಾತಿನಷ್ಟೇ ತೂಕ ಅದಕ್ಕಿರುತ್ತಿತ್ತು. ಬರವಣಿಗೆಯಲ್ಲೇ ವಾದಿಸಬಹುದೆಂದು ಆಗ ಯಾರೂ ಹೇಳಲಿಲ್ಲ, ಕೇಳುವಷ್ಟು ತಿಳಿವಳಿಕೆ ನಮಗೂ ಇರಲಿಲ್ಲ.

ಈ ವಾರ ಹೊಸ ಕರಾರಿನ ಕರಡು ಬಂದಿದೆ. ಸೀಟ್ ಲಂಡನ್ ಎಂದಿದೆ. ಅದನ್ನು ಬೆಂಗಳೂರಿಗೆ, ಆಗದಿದ್ದರೆ ಸಿಂಗಪುರಕ್ಕೆ ಬದಲಿಸಲು ಬ್ರೋಕರ್ ಮೂಲಕ ಕೇಳಿದೆವು. ಖರೀದಿದಾರರು ಒಪ್ಪಲಿಲ್ಲ. ಒಬ್ಬರೇ ಮಧ್ಯಸ್ಥಿಕೆದಾರರು, ಕಾಗದದ ಮೇಲೆಯೇ ವಿಚಾರಣೆ ಎಂಬುದಕ್ಕೆ ಒಪ್ಪಿದ್ದಾರೆ. ಮಂಗಳೂರಿನಲ್ಲಿ ಕಂಟೇನರ್ ಮುಚ್ಚುವಾಗ ಇಬ್ಬರಿಗೂ ಒಪ್ಪಿಗೆಯಾದ ಸರ್ವೇಯರ್ ಎದುರು ಮೂರು ಮಾದರಿಗಳಿಗೆ ಮೊಹರು ಹಾಕಿ, ಒಂದನ್ನು ಅವರಿಗೆ, ಒಂದನ್ನು ನಮಗೆ, ಒಂದನ್ನು ಸರ್ವೇಯರ್ ಬಳಿ ಇಡುವುದು ಎಂಬ ಸಾಲನ್ನೂ ಸೇರಿಸಲು ಒಪ್ಪಿದ್ದಾರೆ. ಆ ಸಾಲನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಕರಡನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಶನಿವಾರ ಮಡಿಕೇರಿಗೆ ಬರುವವನಿದ್ದೇನೆ. ತಮಗೆ ಬಿಡುವಿದ್ದರೆ ಕಾಗದಗಳನ್ನು ತರುತ್ತೇನೆ.